ನಾಲ್ಕನೇ ಉದ್ದೇಶದ ಕೆಳಗೆ ಬಂದ ಸಾಲು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಮಾನ್ಯ ಕುಲಪತಿಗಳೇ, ಅವರ ಪಕ್ಕದಲ್ಲಿ ಗಡಿಯಾರ ನೋಡುತ್ತಿರುವ ಕುಲಸಚಿವರೇ, ನಮ್ಮ ಪಠ್ಯಕ್ರಮವನ್ನು ತೂಗಿ ನೋಡಲು ಹೊರಗಿನಿಂದ ಬಂದಿರುವ ಮೌಲ್ಯಮಾಪನ ಸಮಿತಿಯ ಹಿರಿಯರೇ, ಹತ್ತೊಂಬತ್ತು ವಿಭಾಗಗಳ ಮುಖ್ಯಸ್ಥರೇ, ಹಾಜರಾತಿಗಾಗಿ ಬಂದಿರುವ ವಿದ್ಯಾರ್ಥಿಗಳೇ, ಹಾಜರಾತಿ ಇಲ್ಲದಿದ್ದರೂ ಬಂದಿರುವ ಒಬ್ಬಿಬ್ಬರೇ, ಹಿಂದಿನ ಬಾಗಿಲ ಬಳಿ ನನ್ನ ಮಗಳನ್ನು ಎತ್ತಿಕೊಂಡು ನಿಂತಿರುವ ಅತ್ತೆಯವರೇ, ಮತ್ತು ಎಲ್ಲ ಸಭಿಕರೇ,

ನನಗೆ ಎಂಟು ನಿಮಿಷ ಕೊಟ್ಟಿದ್ದಾರೆ. ಏಳನೇ ನಿಮಿಷಕ್ಕೆ ಒಂದು ಗಂಟೆ, ಎಂಟನೆಯದಕ್ಕೆ ಎರಡು ಗಂಟೆ ಬಾರಿಸುತ್ತಾರಂತೆ. ಎರಡನ್ನೂ ಮೀರುವ ಸಂಭವವಿದೆ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಒಂದು ವರ್ಷದಿಂದ ಮೂರು ಗಂಟೆಗಿಂತ ಹೆಚ್ಚು ಒಟ್ಟಿಗೆ ನಿದ್ದೆ ಮಾಡದವಳಿಗೆ ನಿಮಿಷಗಳ ಅಂದಾಜು ತಪ್ಪುತ್ತದೆ.

ಇಂದು ನಾವು ಏಕೆ ಸೇರಿದ್ದೇವೆ? ಈ ವಿಶ್ವವಿದ್ಯಾಲಯದ ಹತ್ತೊಂಬತ್ತು ವಿಭಾಗಗಳಲ್ಲೂ ಸುಸ್ಥಿರತೆಯ ಪಠ್ಯವನ್ನು ಕಲಿಸಲು ಶುರುಮಾಡಿ ಇದು ಎರಡನೇ ಅವಧಿ. ಕಾನೂನಿನವರು ಕಲಿಸಿದರು, ದಂತವೈದ್ಯದವರು ಕಲಿಸಿದರು, ಸಂಗೀತದವರು ಕಲಿಸಿದರು. ನಿಮ್ಮ ಕೈಯಲ್ಲಿರುವ ಹಸಿರು ಪುಸ್ತಕದಲ್ಲಿ ಅದೆಲ್ಲ ಬಣ್ಣದ ಚಿತ್ರಗಳ ಸಮೇತ ಇದೆ. ಅದರ ಆರನೇ ಪುಟದಲ್ಲಿ ‘ಸಂಯೋಜಕಿಯವರು ರೂಪಿಸಿದ ಮಾದರಿ ಪ್ಯಾರಾ’ ಎಂದು ಒಂದು ಚೌಕಟ್ಟು ಇದೆ. ಆ ಸಂಯೋಜಕಿ ನಾನೇ. ಆ ಪ್ಯಾರಾಕ್ಕಾಗಿಯೇ ಇನ್ನು ಸ್ವಲ್ಪ ಹೊತ್ತಿನಲ್ಲಿ ನನಗೆ ಒಂದು ಫಲಕ ಕೊಡುತ್ತಾರೆ. ಅದು ಹೇಗೆ ಹುಟ್ಟಿತು ಎಂದು ಹೇಳಬೇಕೆಂದು ಕುಲಸಚಿವರು ನನ್ನನ್ನು ಕೇಳಿಕೊಂಡಿದ್ದಾರೆ. ಹೇಳುತ್ತೇನೆ.

ಈ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದು ಭೂಮಿಯನ್ನು ಉಳಿಸಲಿಕ್ಕೆ ಎಂದು ಸಂದರ್ಶನದಲ್ಲಿ ಹೇಳಿದ್ದೆ. ಅರ್ಧ ನಿಜ. ಇನ್ನರ್ಧ ಏನೆಂದರೆ, ಈ ಹುದ್ದೆಗೆ ಒಂದು ಕೋಣೆ ಇತ್ತು, ಆ ಕೋಣೆಗೆ ಚಿಲಕ ಇತ್ತು. ಮೆಟ್ಟಿಲ ಕೆಳಗಿನ ಕೋಣೆ. ಹಿಂದೆ ಹಳೆಯ ನಕಾಶೆಗಳನ್ನು ಸುತ್ತಿ ಇಡುತ್ತಿದ್ದ ಜಾಗ. ನಾಲ್ಕು ತಿಂಗಳ ಮಗುವಿರುವವಳಿಗೆ ಚಿಲಕ ಎಂದರೆ ಏನು ಎಂದು ಈ ಸಭೆಯ ಅರ್ಧದಷ್ಟು ಜನಕ್ಕೆ ಗೊತ್ತು. ಉಳಿದರ್ಧ ಜನ ಮನೆಗೆ ಹೋಗಿ ಕೇಳಬಹುದು.

ಭೂಮಿಯ ವಿಷಯ ಸುಳ್ಳಲ್ಲ. ಮಗಳು ಹುಟ್ಟಿದ ವಾರದಿಂದ ನನಗೊಂದು ಚಟ ಹತ್ತಿತು. ಅವಳಿಗೆ ಹತ್ತಾದಾಗ ಯಾವ ಇಸವಿ, ಮೂವತ್ತಾದಾಗ ಯಾವುದು, ಅರವತ್ತಾದಾಗ ಯಾವುದು, ಆಗ ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ, ಬೇಸಿಗೆ ಎಷ್ಟು ತಿಂಗಳು. ಇವರು, ಅಂದರೆ ನನ್ನ ಯಜಮಾನರು, ಶೀತಲಗೃಹದಲ್ಲಿ ಯಂತ್ರ ನೋಡಿಕೊಳ್ಳುತ್ತಾರೆ. ಹೆಚ್ಚು ಮಾತಾಡುವ ಜನ ಅಲ್ಲ. ಒಂದು ದಿನ ಊಟದ ತಟ್ಟೆ ತೊಳೆಯುತ್ತ ಕೇಳಿದರು: "ನೀನು ಮಗೂನ ನೋಡ್ಕೊಳ್ತಾ ಇದೀಯಾ, ಇಲ್ಲ ಅದರ ಭವಿಷ್ಯಾನಾ? ಭವಿಷ್ಯದ ಬಟ್ಟೆ ಒದ್ದೆ ಆಗಿಲ್ಲ. ಮಗೂದಾಗಿದೆ, ನೋಡು." ಅವರು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ನನಗೆ ಎರಡು ದಿನ ಕೋಪ ಇಳಿಯಲಿಲ್ಲ.

ಇರಲಿ. ಪ್ಯಾರಾಕ್ಕೆ ಬರುತ್ತೇನೆ.

ಸುತ್ತೋಲೆ ಬಂದದ್ದು ಒಂದು ಸೋಮವಾರ. ಪ್ರತಿ ವಿಭಾಗವೂ ಶುಕ್ರವಾರದೊಳಗೆ ಒಂದು ಸುಸ್ಥಿರತೆಯ ಪಠ್ಯವನ್ನು ಸಿದ್ಧಪಡಿಸಬೇಕು, ಉದ್ದೇಶಗಳನ್ನು ಬರೆದು ಕೊಡಬೇಕು. ಮಂಗಳವಾರದಿಂದಲೇ ನನ್ನ ಮೆಟ್ಟಿಲ ಕೆಳಗೆ ಮುಖ್ಯಸ್ಥರು ಬಗ್ಗಿ ಬಗ್ಗಿ ಬರತೊಡಗಿದರು. ಬಗ್ಗದೆ ಬಂದ ಕಾನೂನಿನವರ ಹಣೆಗೆ ಏಟು ಬಿತ್ತು. ಎಲ್ಲರದೂ ಒಂದೇ ಮಾತು. "ಅಮ್ಮಾ, ನೀವೇ ಒಂದು ಪ್ಯಾರಾ ಬರೆದುಕೊಟ್ಟುಬಿಡಿ. ನಾವು ಮೇಲೆ ನಮ್ಮ ವಿಷಯದ ಹೆಸರು ಹಾಕ್ಕೊಳ್ತೀವಿ." ದಂತವೈದ್ಯದವರು ಹೇಳಿದರು: "ನಾವು ಮೂವತ್ತೆರಡು ಹಲ್ಲು ಉಳಿಸ್ತೀವಿ. ಅದೇ ಸುಸ್ಥಿರತೆ ಅಲ್ವಾ?" ಗಣಿತದವರು ಮಾತ್ರ ಒಂದು ಖಾಲಿ ಹಾಳೆ ಇಟ್ಟು ಹೋದರು.

ನಾನು ಬರೆದೆ. ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ತೊಡೆಯ ಮೇಲೆ ಮಗಳು, ಎಡಗೈಯಲ್ಲಿ ಅವಳ ತಲೆ, ಬಲಗೈಯ ಎರಡು ಬೆರಳುಗಳಲ್ಲಿ ಸುಸ್ಥಿರತೆ. ಒಟ್ಟು ಎಂಟು ಉದ್ದೇಶ. ನಾಲ್ಕನೆಯದು ‘ಸಂಪನ್ಮೂಲಗಳ ವಿವೇಚನಾಯುಕ್ತ ಬಳಕೆಯ ಬಗ್ಗೆ ಸಮಗ್ರ ದೃಷ್ಟಿಕೋನವನ್ನು ಬೆಳೆಸುವುದು’. ಅದನ್ನು ಮುಗಿಸಿದಾಗ ಫೋನು ಬಂತು. ಮಕ್ಕಳ ವೈದ್ಯೆ. ಮೂರು ದಿನದಿಂದ ನಾನೇ ಅವರ ಬೆನ್ನು ಹತ್ತಿದ್ದೆ: ಮಗುವಿಗೆ ಐದು ತಿಂಗಳು ತುಂಬುತ್ತ ಬಂತು, ಊಟ ಶುರು ಮಾಡಲೋ ಬೇಡವೋ, ಮಾಡಿದರೆ ಏನು, ಗಂಟಲಿಗೆ ಸಿಕ್ಕಿಕೊಂಡರೆ ಏನು ಗತಿ. ಅವರು ಅವಸರದಲ್ಲಿ ಹೇಳಿದರು. ಬರೆದುಕೊಳ್ಳಲು ಕಾಗದ ಹುಡುಕುವ ಹೊತ್ತಿಲ್ಲ. ಎದುರಿಗೆ ಪರದೆ ತೆರೆದಿತ್ತು, ಅಲ್ಲೇ ಟೈಪು ಮಾಡಿಕೊಂಡೆ.

‘ಆರು ತಿಂಗಳ ನಂತರವೇ ಘನ ಆಹಾರ. ಒಂದು ಬಾರಿಗೆ ಒಂದೇ ಹೊಸದು. ಮೂರು ದಿನ ಕಾದು ನೋಡುವುದು.’

ಆಮೇಲೆ ಮಗಳು ಅತ್ತಳು. ಸಮಾಧಾನ ಮಾಡಿದೆ. ಮುಂದಿನ ನಾಲ್ಕು ಉದ್ದೇಶ ಬರೆದೆ. ಹತ್ತೊಂಬತ್ತು ವಿಭಾಗಗಳಿಗೂ ಕಳಿಸಿದೆ.

ಹೌದು. ನೀವು ಈಗ ಆರನೇ ಪುಟ ತೆಗೆಯುತ್ತಿರುವುದು ನನಗೆ ಇಲ್ಲಿಂದ ಕಾಣುತ್ತದೆ. ಚೌಕಟ್ಟಿನಲ್ಲಿ ಐದನೆಯ ಸಾಲು. ಮೇಲಿನಿಂದ ಐದು.

ನಗಬಹುದು. ದಯವಿಟ್ಟು ನಗಿ. ನಾನು ನಗಲು ಬಹಳ ದಿನ ಬೇಕಾಯಿತು. ಆದರೆ ನಗುತ್ತಲೇ ಒಂದು ಪ್ರಶ್ನೆಯನ್ನು ಯೋಚಿಸಿ. ಆ ಪ್ಯಾರಾ ಹತ್ತೊಂಬತ್ತು ವಿಭಾಗಗಳಿಗೆ ಹೋಯಿತು. ಹತ್ತೊಂಬತ್ತು ಅಧ್ಯಯನ ಮಂಡಳಿಗಳು ಅದನ್ನು ಓದಿದವು. ‘ಪರಿಶೀಲಿಸಿ ಅನುಮೋದಿಸಲಾಗಿದೆ’ ಎಂಬ ಮೊಹರು ಬಿತ್ತು. ವಿದ್ಯಾವಿಷಯಕ ಪರಿಷತ್ತು ಓದಿತು. ಯಾರೂ ಓದಲಿಲ್ಲ ಎನ್ನುವ ಹಾಗೂ ಇಲ್ಲ, ಏಕೆಂದರೆ ಒಂದು ಮಂಡಳಿಯ ಹೊರಗಿನ ತಜ್ಞರು ‘ಮೂರು ದಿನ’ ಎಂಬುದನ್ನು ತಿದ್ದಿ ‘ನಿಗದಿತ ಅವಧಿ’ ಎಂದು ಮಾಡಿದ್ದರು. ಅವರೆಲ್ಲ ನನಗಿಂತ ಓದಿದವರು, ನನಗಿಂತ ಚೆನ್ನಾಗಿ ನಿದ್ದೆ ಮಾಡಿದವರು. ಹಾಗಾದರೆ ಅವರು ಓದಿದ್ದಾದರೂ ಏನನ್ನು?

ನನಗೆ ಇದು ಗೊತ್ತಾದದ್ದು ಐದು ತಿಂಗಳ ಮೇಲೆ. ಮುದ್ರಣ ತಂತ್ರಜ್ಞಾನ ವಿಭಾಗದ ಅಂತಿಮ ವರ್ಷದ ಪರೀಕ್ಷೆಗೆ ನನ್ನನ್ನು ಮೇಲ್ವಿಚಾರಣೆಗೆ ಹಾಕಿದ್ದರು. ಉದ್ದನೆಯ ಕೋಣೆ, ಶಾಯಿಯ ವಾಸನೆ, ನಲವತ್ತು ತಲೆಗಳು. ಮಾಡಲು ಕೆಲಸವಿಲ್ಲದೆ ಒಂದು ಪ್ರಶ್ನೆಪತ್ರಿಕೆ ಎತ್ತಿಕೊಂಡೆ. ಏಳನೇ ಪ್ರಶ್ನೆ. ‘ಆರು ತಿಂಗಳ ನಂತರವೇ ಘನ ಆಹಾರ. ಒಂದು ಬಾರಿಗೆ ಒಂದೇ ಹೊಸದು. ಮೂರು ದಿನ ಕಾದು ನೋಡುವುದು. ಈ ತತ್ವವನ್ನು ಸುಸ್ಥಿರ ಮುದ್ರಣೋದ್ಯಮದ ಹಿನ್ನೆಲೆಯಲ್ಲಿ ವಿವರಿಸಿ. ಹತ್ತು ಅಂಕ.’

ಮನೆಯ ಬಾಗಿಲು ತೆರೆದಿಟ್ಟು ಬಂದದ್ದು ಬಸ್ಸಿನಲ್ಲಿ ನೆನಪಾದರೆ ಆಗುತ್ತದಲ್ಲ, ಹಾಗಾಯಿತು. ನನ್ನ ಅಡುಗೆಮನೆಯ ಮಾತು ನಲವತ್ತು ಜನರ ಮುಂದೆ ಅಚ್ಚಾಗಿ ಬಿದ್ದಿತ್ತು. ಮೂವತ್ತೊಂಬತ್ತು ಜನ ತಲೆ ತಗ್ಗಿಸಿ ಸರಸರ ಬರೆಯುತ್ತಿದ್ದರು. ಕಿಟಕಿ ಪಕ್ಕದ ಒಬ್ಬ ಹುಡುಗಿ ಮಾತ್ರ ಪೆನ್ನು ಕೆಳಗಿಟ್ಟು ಕೈ ಎತ್ತಿದಳು.

"ಮೇಡಂ, ಏಳನೇ ಪ್ರಶ್ನೆ ಸರಿಯಾಗಿದೆಯಾ?"

ಸಭಿಕರೇ, ಒಬ್ಬ ಶಿಕ್ಷಕಿಗೆ ಇದಕ್ಕಿಂತ ಸುಲಭವಾದ ಪ್ರಶ್ನೆಯನ್ನು ಯಾರಾದರೂ ಕೇಳಲು ಸಾಧ್ಯವೇ? ಆ ಕೋಣೆಯಲ್ಲಿ, ಬಹುಶಃ ಇಡೀ ಊರಿನಲ್ಲಿ, ಉತ್ತರ ಗೊತ್ತಿದ್ದವಳು ನಾನೊಬ್ಬಳೇ. ನಾನು ಏನು ಹೇಳಿದೆ?

"ಪ್ರಶ್ನೆಪತ್ರಿಕೇಲಿ ಇರೋದೇ ಸರಿ. ಸುಮ್ಮನೆ ಬರಿ."

ಗಂಟೆ ಕೇಳಿಸಿತು. ಧನ್ಯವಾದ. ಮುಂದುವರಿಸುತ್ತೇನೆ.

ಆಮೇಲೆ ನನಗೆ ಊಟ ಸೇರಲಿಲ್ಲ. ಉಳಿದ ವಿಭಾಗಗಳಲ್ಲಿ ಏನಾಗಿದೆಯೋ ಎಂಬ ಭಯ. ಹೊಸ ಅವಧಿ ಶುರುವಾಗುತ್ತಿದ್ದ ಹಾಗೆ ಮಗಳನ್ನು ಎದೆಗೆ ಕಟ್ಟಿಕೊಂಡು ಒಂದೊಂದೇ ತರಗತಿಯ ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತೆ. ‘ಸಂಯೋಜಕಿಯ ಭೇಟಿ’ ಎಂದು ದಾಖಲೆಯಲ್ಲಿದೆ. ಮೊದಲ ಎರಡು ದಿನ ಹೋದದ್ದು ಭಯದಿಂದ. ಮೂರನೆಯ ದಿನದಿಂದ, ಒಪ್ಪಿಕೊಳ್ಳುತ್ತೇನೆ, ಕುತೂಹಲದಿಂದ. ಮಗಳೂ ಒಂದು ಉಪಕಾರ ಮಾಡಿದಳು. ಮನೆಯಲ್ಲಿ ತೊಟ್ಟಿಲಿಗೆ ಬೆನ್ನು ತಾಗಿದರೆ ಕಿರುಚುವವಳು ತರಗತಿಯಲ್ಲಿ ಗಾಢವಾಗಿ ಮಲಗುತ್ತಿದ್ದಳು. ಅರ್ಥಶಾಸ್ತ್ರದಲ್ಲಿ ಐವತ್ತು ನಿಮಿಷ. ಕಾನೂನಿನಲ್ಲಿ ಒಂದೂಕಾಲು ಗಂಟೆ. ಇದನ್ನು ಆಯಾ ಮುಖ್ಯಸ್ಥರು ಟೀಕೆ ಎಂದು ತಿಳಿಯಬಾರದು. ನಾನೂ ಮಲಗುತ್ತಿದ್ದೆ, ಆದರೆ ಎದುರಿಗೆ ನನ್ನದೇ ಸಾಲು ಬರುತ್ತಿತ್ತಲ್ಲ.

ಕಟ್ಟಡ ವಿಭಾಗದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಒಂದು ಛಾವಣಿ ಬರೆದು ಹೇಳುತ್ತಿದ್ದರು. ಹೊಸ ಕಾಂಕ್ರೀಟು ಮಗುವಿನ ಹಾಗೆ, ಹೊತ್ತಿಗೆ ಮೊದಲು ಭಾರ ಹೊರಿಸಬಾರದು, ಒಂದು ಬಾರಿಗೆ ಒಂದೇ ಭಾರ, ಬಿರುಕು ಬಿಡುತ್ತದೆಯೇ ಎಂದು ಕಾದು ನೋಡಬೇಕು. ಅರ್ಥಶಾಸ್ತ್ರದವರು ಎಳೆಯ ಉದ್ಯಮವನ್ನು ಹಾಲು ಕುಡಿಸಿ ಬೆಳೆಸುವುದು ಹೇಗೆಂದು ಹೇಳಿದರು. ಸಂಗೀತದ ಮೇಡಂ ಹೊಸ ದನಿಗಳಿಗೆ ಆರು ತಿಂಗಳು ಮೇಲಿನ ಸ್ವರವನ್ನೇ ಮುಟ್ಟಿಸುವುದಿಲ್ಲವಂತೆ. "ನಿಮ್ಮ ಪ್ಯಾರಾದಲ್ಲಿ ಅದೊಂದೇ ನೋಡಮ್ಮಾ ನಿಜವಾದ ಮಾತು. ಮಿಕ್ಕಿದ್ದೆಲ್ಲ ಗಾಳಿ" ಎಂದರು. ಮಣ್ಣು ವಿಜ್ಞಾನದವರು ಒಂದು ಹೆಜ್ಜೆ ಮುಂದೆ ಹೋಗಿದ್ದರು. ವಿದ್ಯಾರ್ಥಿಗಳಿಗೆ ಆರು ಕುಂಡ ಕೊಟ್ಟು, ಪ್ರತಿಯೊಂದಕ್ಕೂ ಒಂದೇ ಒಂದು ಹೊಸ ಗೊಬ್ಬರ ಹಾಕಿಸಿ, ಮೂರು ದಿನ ಕಾಯಿಸಿದ್ದರು. ಮೂರನೇ ದಿನ ಬೆಳಗ್ಗೆ ಹುಡುಗರು ಕುಂಡಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಜಗಳವಾಡುತ್ತಿದ್ದರು. "ಇದು ಬಾಡಿಲ್ಲ ಕಣೋ, ನಿನ್ನೆನೂ ಹೀಗೇ ಇತ್ತು!" "ನಿನ್ನೆ ನೀನು ಬಂದೇ ಇರ್ಲಿಲ್ಲ!" ಅಷ್ಟು ಗಮನವಿಟ್ಟು ಎಲೆ ನೋಡುವ ವಿದ್ಯಾರ್ಥಿಗಳನ್ನು ನಾನು ಈ ಆವರಣದಲ್ಲಿ ಹಿಂದೆ ಕಂಡಿರಲಿಲ್ಲ.

ದಂತವೈದ್ಯದವರು ಹಲ್ಲು ಮೂಡುವ ಹೊತ್ತಿನ ಆಹಾರದ ಬಗ್ಗೆ ಪಾಠ ಮಾಡುತ್ತಿದ್ದರು. ಹತ್ತೊಂಬತ್ತು ವಿಭಾಗಗಳಲ್ಲಿ ಆ ಸಾಲು ಸರಿಯಾಗಿ ಅರ್ಥವಾಗಿದ್ದು ಅವರೊಬ್ಬರಿಗೇ.

ಗಣಿತದ ಮುಖ್ಯಸ್ಥರನ್ನು ಕೇಳಿದೆ: "ಸರ್, ಆ ಸಾಲು ನೋಡಿ ನಿಮಗೇನೂ ಅನ್ನಿಸಲಿಲ್ವಾ?" ಅವರೆಂದರು: "ಅನ್ನಿಸ್ತು. ಆದ್ರೆ ನಮ್ಮಲ್ಲಿ ಕೊಟ್ಟದ್ದನ್ನ ಕೊಟ್ಟದ್ದು ಅಂತ ಇಟ್ಕೊಂಡು ಮುಂದೆ ಹೋಗೋದು ರೂಢಿ. ಯಾಕೆ ಕೊಟ್ರಿ ಅಂತ ಕೇಳೋದಿಲ್ಲ."

ಈಗ ನನ್ನ ಪರಿಸ್ಥಿತಿಯನ್ನು ಯೋಚಿಸಿ. ಎಂಟು ಉದ್ದೇಶಗಳನ್ನು ನಾನು ಪುಸ್ತಕ ನೋಡಿ, ಪದ ಜೋಡಿಸಿ, ಬೆವರು ಸುರಿಸಿ ಬರೆದೆ. ಆ ಎಂಟನ್ನು ಯಾರೂ ಕಲಿಸಲಿಲ್ಲ. ಪಾಠವಾದದ್ದು ಒಂಬತ್ತನೆಯದು, ತಪ್ಪಿ ಬಂದದ್ದು. ಜನ ಅದನ್ನು ಹಿಡಿದು ತಿರುಗಿಸಿ, ಬಗ್ಗಿಸಿ, ತಮ್ಮ ತಮ್ಮ ವಿಷಯದೊಳಗೆ ಇಳಿಸಿ ಯೋಚಿಸಿದ್ದರು. ಹಾಗಾದರೆ ಹೇಳುವುದೇಕೆ ಎಂದು ನನಗೆ ನಾನೇ ಕೇಳಿಕೊಂಡೆ. ಒಳ್ಳೆಯದೇ ಆಯಿತಲ್ಲ, ಸುಮ್ಮನಿದ್ದುಬಿಡೋಣ. ತಪ್ಪು ಮಾಡಿದವಳಿಗೆ ಇಷ್ಟು ಹಿತವಾದ ಸಮಾಧಾನ ಎಲ್ಲಿ ಸಿಕ್ಕೀತು?

ಐದು ವಾರ ಆ ಸಮಾಧಾನದಲ್ಲಿ ಕಳೆದೆ. ಆರನೆಯ ವಾರ ನನ್ನ ಬಾಗಿಲ ಬಳಿ ಆ ಕಿಟಕಿ ಪಕ್ಕದ ಹುಡುಗಿ ಬಗ್ಗಿ ನಿಂತಿದ್ದಳು. ಕೈಯಲ್ಲಿ ಉತ್ತರಪತ್ರಿಕೆಯ ನಕಲು.

"ಮೇಡಂ, ನಿಮ್ಮನ್ನ ಪರೀಕ್ಷೇಲಿ ಒಂದು ಪ್ರಶ್ನೆ ಕೇಳಿದ್ದೆ, ನೆನಪಿದೆಯಾ?"

"ಇದೆ" ಎಂದೆ.

"ಅಬ್ಬಾ. ನೆನಪಿಲ್ಲ ಅಂದುಬಿಡ್ತೀರೇನೋ ಅಂತ ಮೆಟ್ಟಿಲ ಮೇಲೆ ಮೂರು ಸಲ ಹತ್ತಿ ಇಳಿದೆ."

ಏಳನೇ ಪ್ರಶ್ನೆಗೆ ಮೂವತ್ತೊಂಬತ್ತು ಜನ ಪುಟಗಟ್ಟಲೆ ಬರೆದಿದ್ದರು. ಘನ ಆಹಾರ ಎಂದರೆ ದಪ್ಪ ಕಾಗದ ಎಂದವರಿದ್ದರು, ಅವರಿಗೆ ಎಂಟು ಅಂಕ. ಇವಳು ಬರೆದದ್ದು ನಾಲ್ಕು ಸಾಲು. ನನಗೆ ಬಾಯಿಪಾಠವಾಗಿದೆ, ಓದಬೇಕಾಗಿಲ್ಲ. ‘ಈ ವಾಕ್ಯ ಈ ಪಠ್ಯಕ್ಕೆ ಸೇರಿದ್ದಲ್ಲ ಎಂದು ನನಗೆ ಅನಿಸುತ್ತದೆ. ಇದು ಎಳೆ ಮಗುವಿಗೆ ಊಟ ಕೊಡುವ ಬಗ್ಗೆ ಬರೆದ ಹಾಗಿದೆ; ನಮ್ಮ ಅಕ್ಕನ ಮಗುವಿಗೆ ಹೀಗೇ ಮಾಡಿದ್ದರು. ಕೇಳಿದೆ, ಸರಿಯಾಗಿದೆ ಎಂದರು. ನನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯಲಾರೆ.’ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ. ಉತ್ತೀರ್ಣಕ್ಕೆ ನಲವತ್ತು ಬೇಕು. ಅವಳಿಗೆ ಬಂದದ್ದು ಮೂವತ್ತನಾಲ್ಕು.

ಅವಳು ಯಾವ ವಿಭಾಗದವಳು? ಮುದ್ರಣ. ಮೂರು ವರ್ಷ ಅವಳು ಕಲಿತದ್ದು ಏನು? ಕರಡು ತಿದ್ದುವುದು. ಒಂದು ಪುಟ ಕೈಗೆ ಕೊಟ್ಟರೆ ಯಾವ ಸಾಲು ಎಲ್ಲಿಂದಲೋ ತಪ್ಪಿ ಬಂದು ಕುಳಿತಿದೆ ಎಂದು ಹುಡುಕುವುದು. ನಾವು ಕಲಿಸಿದ್ದನ್ನು ಅವಳು ಕಲಿತಿದ್ದಳು. ಅದಕ್ಕೆ ನಾವು ಸೊನ್ನೆ ಕೊಟ್ಟಿದ್ದೆವು.

ಅವಳಿಗೆ ಒಂದು ಪಠ್ಯಪುಸ್ತಕ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿದೆ. ಪದವಿ ಪತ್ರ ತೋರಿಸಿದರೆ ಸೇರಿಸಿಕೊಳ್ಳುತ್ತಾರೆ, ಈ ತಿಂಗಳ ಕೊನೆಯವರೆಗೆ ಕಾಯುತ್ತಾರೆ. ಮುಂದಿನ ಪರೀಕ್ಷೆ ಇನ್ನು ಆರು ತಿಂಗಳಿಗೆ. ಆದರೂ ಅವಳು ಅಂಕ ಕೇಳಲು ಬಂದಿರಲಿಲ್ಲ.

"ನಾನು ಕೇಳಿದ್ದೆ ಅಂತ ಒಂದು ಮಾತು ಬರೆದುಕೊಡ್ತೀರಾ ಮೇಡಂ? ಸುಳ್ಳು ಬರೆದಿದಾಳೆ ಅಂತ ಮೇಷ್ಟ್ರು ಅಂದ್ರು. ಮನೇಲಿ ಅಪ್ಪಾನೂ ಹಾಗೇ ಅಂದ್ಕೊಂಡಿದಾರೆ. ಅಷ್ಟೇ ಸಾಕು."

ಆ ಪ್ಯಾರಾ ನನ್ನದು ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. "ನೋಡೋಣ" ಎಂದೆ. ಎಂಥ ಮಾತು ಅದು, ನೋಡೋಣ ಎನ್ನುವುದು! ಯಾರು ನೋಡುವುದು, ಯಾವಾಗ ನೋಡುವುದು?

ಕುಲಸಚಿವರ ಕೋಣೆಗೆ ಹೋದೆ. ಅವರ ಮೇಲೆ ದೂರು ಹೇಳುತ್ತಿಲ್ಲ. ಅವರು ನನಗೆ ಕುರ್ಚಿ ಕೊಟ್ಟರು, ನೀರು ತರಿಸಿದರು, ಸಮಾಧಾನವಾಗಿ ಕೇಳಿದರು. ಆಮೇಲೆ ಹೇಳಿದರು: "ನೋಡಿ ಅಮ್ಮಾ, ಹತ್ತೊಂಬತ್ತು ಮಂಡಳಿ ಒಪ್ಪಿದೆ. ಸಮಿತಿಯವರು ಬರ್ತಾ ಇದಾರೆ. ಪುಸ್ತಕ ಅಚ್ಚಿಗೆ ಹೋಗಿದೆ. ನಿಮ್ಮ ನೇಮಕಾತಿಯ ಕಡತ ಬೇರೆ ನನ್ನ ಮೇಜಿನ ಮೇಲೇ ಇದೆ, ಹನ್ನೊಂದು ತಿಂಗಳಿಗೆ ಮುಗಿಯೋದನ್ನ ಮುಂದುವರಿಸೋಕೆ. ಆ ಹುಡುಗಿ ಮತ್ತೆ ಪರೀಕ್ಷೆ ಬರೀಲಿ, ಬುದ್ಧಿವಂತೆ, ಪಾಸಾಗ್ತಾಳೆ." ಬೆದರಿಸಿದರೇ? ಇಲ್ಲ. ಇದ್ದ ಮೂರು ಸಂಗತಿಗಳನ್ನು ಒಂದರ ಪಕ್ಕ ಒಂದು ಇಟ್ಟರು, ಅಷ್ಟೆ. ಇದು ಒಂಬತ್ತು ದಿನದ ಹಿಂದೆ.

ಎರಡು ಗಂಟೆಯೂ ಆಯಿತು. ಕೇಳಿಸಿತು. ಅಧ್ಯಕ್ಷರೇ, ಇನ್ನು ಎರಡೇ ನಿಮಿಷ, ಹೆಚ್ಚಿಲ್ಲ.

ಆ ಒಂಬತ್ತು ದಿನಗಳಲ್ಲಿ ನಾನು ಪರೀಕ್ಷಾ ನಿಯಮಾವಳಿ ಓದಿದೆ. ಮಗುವಿಗೆ ಹಾಲೂಡಿಸುತ್ತ ಓದಲು ಹೇಳಿ ಮಾಡಿಸಿದ ಪುಸ್ತಕ; ಇಬ್ಬರಿಗೂ ನಿದ್ದೆ ಬರುತ್ತದೆ. ಅದರಲ್ಲಿ ಒಂದು ನಿಯಮವಿದೆ. ಪ್ರಶ್ನೆಯಲ್ಲಿ ದೋಷವಿದೆ ಎಂದು ಆ ಪಠ್ಯವನ್ನು ಸಿದ್ಧಪಡಿಸಿದವರು ಲಿಖಿತವಾಗಿ ಒಪ್ಪಿಕೊಂಡರೆ, ಆ ಪ್ರಶ್ನೆಯ ಪೂರ್ಣ ಅಂಕಗಳನ್ನು ಎಲ್ಲ ಅಭ್ಯರ್ಥಿಗಳಿಗೂ ಕೊಡತಕ್ಕದ್ದು. ‘ಕೊಡಬಹುದು’ ಎಂದಿಲ್ಲ, ‘ಕೊಡತಕ್ಕದ್ದು’ ಎಂದಿದೆ. ಮಂಡಳಿ ಕೂರಬೇಕಾಗಿಲ್ಲ, ಪರಿಷತ್ತು ಒಪ್ಪಬೇಕಾಗಿಲ್ಲ. ಆದರೆ ಫಲಿತಾಂಶಕ್ಕೆ ಅಂತಿಮ ಮೊಹರು ಬೀಳುವ ಮುಂಚೆ ಆ ಕಾಗದ ಕುಲಸಚಿವರ ಕೈ ಸೇರಬೇಕು. ಮುದ್ರಣ ವಿಭಾಗದ ಫಲಿತಾಂಶಕ್ಕೆ ಮೊಹರು ಬೀಳುವುದು ಇಂದು ಸಂಜೆ ಐದಕ್ಕೆ.

ಬೆಳಗ್ಗೆ ಅವರ ಕಚೇರಿಗೆ ಹೋದೆ. ಕಾರ್ಯಕ್ರಮದ ಗಡಿಬಿಡಿ, ನಾಳೆ ಬನ್ನಿ ಎಂದರು. ಮಧ್ಯಾಹ್ನ ಹೋದೆ, ಬೀಗ ಹಾಕಿತ್ತು. ಕಚೇರಿಯ ಸಿಬ್ಬಂದಿಯೆಲ್ಲ ಈ ಸಭಾಂಗಣದಲ್ಲೇ ಇದ್ದಾರೆ, ಹೂಕುಂಡ ಜೋಡಿಸುತ್ತಿದ್ದರು. ಹೀಗಾಗಿ ಆ ಕಾಗದ ಕೊಡಲು ನನಗೆ ಉಳಿದ ಜಾಗ ಈ ವೇದಿಕೆ ಮಾತ್ರ. ನಾಟಕ ಮಾಡಬೇಕೆಂದು ಬಂದವಳಲ್ಲ.

ಓದುತ್ತೇನೆ. ನಾಲ್ಕೇ ವಾಕ್ಯ. ‘ಸುಸ್ಥಿರತೆಯ ಪಠ್ಯದಲ್ಲಿ ನಾಲ್ಕನೇ ಉದ್ದೇಶದ ಕೆಳಗೆ ಇರುವ ಸಾಲು ನನ್ನ ಮಗುವಿನ ಆಹಾರಕ್ಕೆ ಸಂಬಂಧಿಸಿದ್ದು, ಪಠ್ಯಕ್ಕೆ ಸಂಬಂಧಿಸಿದ್ದಲ್ಲ. ಅದು ಪಠ್ಯದೊಳಗೆ ಬಂದದ್ದು ನನ್ನ ತಪ್ಪಿನಿಂದ. ಪರೀಕ್ಷೆಯ ದಿನ ಕಿಟಕಿ ಪಕ್ಕದ ವಿದ್ಯಾರ್ಥಿನಿ ಏಳನೇ ಪ್ರಶ್ನೆ ಸರಿಯಾಗಿದೆಯೇ ಎಂದು ನನ್ನನ್ನು ಕೇಳಿದ್ದು ನಿಜ. ಸರಿಯಾಗಿಲ್ಲ ಎಂದು ಗೊತ್ತಿದ್ದೂ ನಾನು ಸರಿಯಾಗಿದೆ ಎಂದು ಹೇಳಿದೆ.’ ಕೆಳಗೆ ನನ್ನ ಸಹಿ ಇದೆ, ಅವಳ ನೋಂದಣಿ ಸಂಖ್ಯೆ ಇದೆ. ಒಂದು ಪ್ರತಿ ಅವಳ ತಂದೆಗೂ ಕಳಿಸಿದ್ದೇನೆ.

ಸಮಿತಿಯ ಹಿರಿಯರಲ್ಲಿ ಒಂದೇ ಮನವಿ. ಹಸಿರು ಪುಸ್ತಕ ನೋಡಿ ನಮಗೆ ಅಂಕ ಹಾಕಬೇಡಿ. ಮಣ್ಣು ವಿಭಾಗದ ಹಿತ್ತಲಿಗೆ ಹೋಗಿ, ಕುಂಡಗಳ ಮುಂದೆ ಕುಳಿತವರ ಜಗಳ ಕೇಳಿ. ಆಮೇಲೆ ಏನು ಬೇಕಾದರೂ ಬರೆಯಿರಿ. ಫಲಕ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ನನ್ನ ಕಡತದ ವಿಷಯವೂ ಹಾಗೆಯೇ. ಆ ಕೋಣೆಯ ಚಿಲಕದ ಮೇಲೆ ನನಗೆ ಆಸೆ ಇಲ್ಲ ಎಂದರೆ ಸುಳ್ಳಾದೀತು. ಆದರೆ ಇವತ್ತಿಗೆ ಸುಳ್ಳು ಸಾಕಾಗಿದೆ.

ಕುಲಸಚಿವರೇ, ದಯವಿಟ್ಟು ಇದನ್ನು ತೆಗೆದುಕೊಳ್ಳಿ. ನಕಲಿನ ಮೇಲೆ ಸ್ವೀಕರಿಸಿದೆ ಎಂದು ಸಹಿ ಬೇಕು, ಸಮಯವೂ ಬೇಕು. ಪೆನ್ನು ಇದೆ, ತಗೊಳ್ಳಿ. ಇಲ್ಲ ಸರ್, ‘ನೋಡಲಾಗಿದೆ’ ಅಲ್ಲ, ‘ಸ್ವೀಕರಿಸಲಾಗಿದೆ’. ಹೌದು, ಅದರ ಕೆಳಗೆ. ಸಮಯ?

ನಾಲ್ಕು ಗಂಟೆ ಐವತ್ತೆರಡು ನಿಮಿಷ.

ಧನ್ಯವಾದ ಸರ್. ನಿಜವಾಗಿಯೂ ಧನ್ಯವಾದ. ಗಂಟೆ ಮೀರಿಯೂ ಮಾತಾಡಲು ಬಿಟ್ಟ ಅಧ್ಯಕ್ಷರಿಗೆ, ನಕ್ಕವರಿಗೆ, ನಗು ನಿಲ್ಲಿಸಿ ಕೇಳಿದವರಿಗೆ, ಎಲ್ಲರಿಗೂ ನಾನು ಋಣಿ. ಯಾರಿಗಾದರೂ ಏನಾದರೂ ಕೇಳಬೇಕಿದ್ದರೆ ಕೈ ಎತ್ತಿ. ಗೊತ್ತಿದ್ದರೆ ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ.

ನಮಸ್ಕಾರ.